ಕಾರವಾರ–ಅಂಕೋಲಾ ಸರಕು ಸಾಗಣೆ: ಖಾಲಿ ಮರಳುವ ಲಾರಿಯ ಖರ್ಚು ಯಾರ ತಲೆಗೆ?

ಕಾರವಾರ: ಘಟ್ಟದ ಮೇಲಿನಿಂದ ತರಕಾರಿ ಲಾರಿ ಇಳಿಯಲಿಲ್ಲ ಅಂದ್ರೆ ಕಾರವಾರದ ಭಾನುವಾರದ ಸಂತೆಯಲ್ಲಿ ಟೊಮೆಟೊ ದರ ಕೇಳೋದೇ ಬೇಡ. ಅಕ್ಕಿ, ಬೇಳೆ, ಸಿಮೆಂಟು, ಔಷಧ, ಬಟ್ಟೆ, ಮೊಬೈಲ್ ಹೀಗೆ ಕಾರವಾರ ಮತ್ತು ಅಂಕೋಲಾದ ಅಂಗಡಿಗಳಲ್ಲಿ ಸಿಗುವ ಹೆಚ್ಚಿನ ಸಾಮಾನು ಹೊರಗಿನಿಂದಲೇ ಬರಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ನಡುವೆ ಕಿರಿದಾದ ಪಟ್ಟಿ. ಆ ಪಟ್ಟಿಯಲ್ಲೇ ಹೆದ್ದಾರಿ, ರೈಲು, ಊರು ಎಲ್ಲ.

ಈ ದಾರಿ ಎಷ್ಟು ಸೂಕ್ಷ್ಮ ಅನ್ನೋದು 2024ರ ಮಳೆಗಾಲದಲ್ಲಿ ಮೂರೇ ವಾರದಲ್ಲಿ ಎರಡು ಸಲ ಗೊತ್ತಾಯಿತು. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಹೋಟೆಲ್ ಮಣ್ಣು ಪಾಲಾಯಿತು, ಗ್ಯಾಸ್ ಟ್ಯಾಂಕರ್ ಗಂಗಾವಳಿ ನದಿಗೆ ಬಿತ್ತು, ಜೀವಗಳು ಹೋದವು. ಮರ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯನ್ನು ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಅದಕ್ಕೂ ಮೊದಲೇ, ಆಗಸ್ಟ್ 7ರ ನಸುಕಿನಲ್ಲಿ, ಕೋಡಿಬಾಗ ಮತ್ತು ಸದಾಶಿವಗಡ ನಡುವಿನ ಕಾಳಿ ನದಿಯ ಹಳೆ ಸೇತುವೆ ಕುಸಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಅದರ ಚಾಲಕ ಬದುಕಿ ಬಂದರು.

ಎರಡೂ ಕಡೆ ಸಿಕ್ಕಿಬಿದ್ದದ್ದು ಸರಕು ವಾಹನಗಳು. ಹಾಗಾಗಿ ಇಲ್ಲಿ 'ಸುಸ್ಥಿರ ಸಾಗಣೆ' ಅಂದ್ರೆ ಹೊಗೆ ಕಡಿಮೆ ಮಾಡುವುದಷ್ಟೇ ಅಲ್ಲ. ಡೀಸೆಲ್ ಕಡಿಮೆ ಉರಿಯಬೇಕು, ರಸ್ತೆ ಉಳಿಯಬೇಕು, ಬಾಡಿಗೆ ಅಂಗಡಿಕಾರರಿಗೆ ತಾಳಬೇಕು, ಮಳೆಗಾಲದಲ್ಲೂ ಸಾಮಾನು ಬರಬೇಕು. ಇದರಲ್ಲಿ ಸರ್ಕಾರ ಮಾಡಬೇಕಾದದ್ದು ಬಹಳ ಇದೆ. ಪೇಟೆಯವರೇ ಕೂಡಿ ಮಾಡಬಹುದಾದದ್ದೂ ಕಡಿಮೆ ಏನಿಲ್ಲ.

ಸರಕು ಬರುವ ದಾರಿಗಳು

- ಹೆದ್ದಾರಿ 66: ಗೋವಾ ಗಡಿಯ ಮಾಜಾಳಿಯಿಂದ ಕಾರವಾರ, ಅಂಕೋಲಾ, ಕುಮಟಾ ಮೂಲಕ ಮಂಗಳೂರಿನತ್ತ ಹೋಗುವ ಕರಾವಳಿ ರಸ್ತೆ. ಹಿಂದೆ ಇದೇ ಹೆದ್ದಾರಿ 17 ಆಗಿತ್ತು. ಕಾರವಾರದಿಂದ ಅಂಕೋಲಾಕ್ಕೆ ಸುಮಾರು 35 ಕಿ.ಮೀ.
- ಹೆದ್ದಾರಿ 52: ಅಂಕೋಲಾದ ಬಾಳೇಗುಳಿಯಲ್ಲಿ ಕವಲೊಡೆದು ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿಗೆ ಹೋಗುತ್ತದೆ. ಹಳೆಯ ಹೆಸರು ಹೆದ್ದಾರಿ 63. ಎರಡೂ ತಾಲೂಕಿನ ತರಕಾರಿ, ಧಾನ್ಯ, ದಿನಸಿಯ ಮುಖ್ಯ ದಾರಿ ಇದು.
- ಬದಲಿ ಘಟ್ಟಗಳು: ಜೊಯಿಡಾ ಕಡೆಯ ಅಣಶಿ ಘಟ್ಟ, ಕುಮಟಾ–ಶಿರಸಿ ನಡುವಿನ ದೇವಿಮನೆ ಘಟ್ಟ, ಗೋವಾ ಸುತ್ತಿ ಬರುವುದಾದರೆ ಅನಮೋಡ ಘಟ್ಟ. ಮಳೆ ಜೋರಾದಾಗ ಇವುಗಳಲ್ಲೂ ಭಾರಿ ವಾಹನಕ್ಕೆ ತಡೆ ಬೀಳುವುದುಂಟು.
- ಕೊಂಕಣ ರೈಲ್ವೆ: 1998ರ ಜನವರಿ 26ರಿಂದ ಪೂರ್ತಿ ಮಾರ್ಗ ಓಡಾಟಕ್ಕೆ ತೆರೆದಿದೆ. ಶಿರವಾಡದಲ್ಲಿ ಕಾರವಾರ ನಿಲ್ದಾಣ, ಮುಂದೆ ಹಾರವಾಡ, ಅಂಕೋಲಾ.
- ಬೈತಖೋಲದ ಬಂದರು: ಇಲ್ಲಿ ಇಳಿಯುವುದು ಬಿಟುಮಿನ್‌ನಂಥ ಸಗಟು ಸರಕು. ಅಂಗಡಿ ಸಾಮಾನಿಗೂ ಇದಕ್ಕೂ ನೇರ ಸಂಬಂಧ ಇಲ್ಲ.

ಶಿರೂರು ಇರುವುದು ಅಂಕೋಲಾ ಪೇಟೆಯ ದಕ್ಷಿಣಕ್ಕೆ. ಹಾಗಾಗಿ 2024ರಲ್ಲಿ ಕುಮಟಾ, ಮಂಗಳೂರು ಕಡೆಯ ದಾರಿ ಕಡಿದರೂ ಹುಬ್ಬಳ್ಳಿ ರಸ್ತೆ ಬೇರೆಯೇ ಇತ್ತು. 2021ರ ಜುಲೈನಲ್ಲಿ ಇದಕ್ಕೆ ತಿರುಗಾಮುರುಗಾ ಆಗಿತ್ತು. ಆಗ ಅರಬೈಲ್ ಘಟ್ಟದಲ್ಲಿ ಮಣ್ಣು ಜಾರಿತು, ಗಂಗಾವಳಿ ಉಕ್ಕಿ ಯಲ್ಲಾಪುರ ತಾಲೂಕಿನ ಗುಳ್ಳಾಪುರ ಸೇತುವೆ ಕೊಚ್ಚಿಹೋಯಿತು. ಅಂದ್ರೆ ಯಾವ ವರ್ಷ ಯಾವ ದಾರಿ ಕೈಕೊಡುತ್ತದೆ ಅಂತ ಹೇಳುವ ಹಾಗಿಲ್ಲ. ಒಂದೇ ಊರಿನ ಒಬ್ಬನೇ ಸಗಟು ವ್ಯಾಪಾರಿಯನ್ನು ನಂಬಿದ ಅಂಗಡಿಗೆ ಆವತ್ತು ಮಾಲು ಇಲ್ಲ.

ದಾರಿ ಬದಲಾದರೆ ಪೇಟೆಯೂ ಬದಲು

ಈ ಜಿಲ್ಲೆಗೆ ಸಾಗಣೆಯ ವಿಷಯ ಹೊಸದಲ್ಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಬಯಲುಸೀಮೆಯ ಹತ್ತಿಯ ಲೆಕ್ಕಾಚಾರ ಇತ್ತು. ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದ ಹತ್ತಿ ಕುಮಟಾ, ಕಾರವಾರ ಬಂದರುಗಳಿಂದ ಹಡಗು ಹತ್ತುತ್ತಿತ್ತು. 1880ರ ದಶಕದಲ್ಲಿ ಮರ್ಮಗೋವಾ ಬಂದರಿಗೆ ರೈಲು ಬಂತು, ಹತ್ತಿ ಆ ಕಡೆ ತಿರುಗಿತು. ಕಾರವಾರಕ್ಕೆ ರೈಲು ಬರಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1983ರಲ್ಲಿ ಸೇತುವೆ ಆಗುವ ತನಕ ಕಾಳಿ ನದಿ ದಾಟಲು ತಾರಿಯೇ ಗತಿ. 2024ರಲ್ಲಿ ಬಿದ್ದದ್ದು ಅದೇ ಸೇತುವೆ.

ಸರಕು ಅಗ್ಗದ ದಾರಿ ಹುಡುಕಿಕೊಂಡು ಹೋಗುತ್ತದೆ, ಅದರ ಹಿಂದೆ ಪೇಟೆಯೂ ಹೋಗುತ್ತದೆ. ಈಗ ಗೋವಾ ಕಡೆಯಿಂದಲೋ ಆನ್‌ಲೈನ್‌ನಿಂದಲೋ ಅದೇ ಸಾಮಾನು ಅಗ್ಗವಾಗಿ ಸಿಕ್ಕರೆ ಗಿರಾಕಿ ಆ ಕಡೆಗೆ ವಾಲುತ್ತಾನೆ. ಅಂಗಡಿಕಾರರಿಗೆ ಬಾಡಿಗೆ ಲೆಕ್ಕ ಮುಖ್ಯ ಆಗುವುದು ಇದಕ್ಕೇ.

ಅದಿರು ಲಾರಿಗಳು ಬಿಟ್ಟುಹೋದ ಪಾಠ

ಅಂಕೋಲಾದವರಿಗೆ ಭಾರಿ ಲಾರಿ ಅಂದ ಕೂಡಲೇ ನೆನಪಾಗುವುದು ಅದಿರು. ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಅರಬೈಲ್ ಘಟ್ಟ ಇಳಿದು ಬೇಲೇಕೇರಿ, ಕಾರವಾರ ಬಂದರುಗಳಿಗೆ ಬರುತ್ತಿತ್ತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಾಜ್ಯದ ಬಂದರುಗಳಿಂದ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಕೆಂಪು ಧೂಳು ನಿಂತಿತು. ಅದರ ಜತೆಗೇ ಲಾರಿ ನಂಬಿದವರ ದುಡಿಮೆಯೂ ನಿಂತಿತು.

ಆ ಕಾಲದಿಂದ ಉಳಿಯಬೇಕಾದ ತಾಂತ್ರಿಕ ಪಾಠ ಒಂದಿದೆ. ಲಾರಿಯ ಒಂದು ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ರಸ್ತೆಯ ಸವೆತ ಅದರ ನಾಲ್ಕನೇ ಘಾತದಲ್ಲಿ ಏರುತ್ತದೆ ಅನ್ನೋದು ರಸ್ತೆ ಎಂಜಿನಿಯರುಗಳು ಬಹುಕಾಲದಿಂದ ಬಳಸುವ ಅಂದಾಜು. ಸರಳವಾಗಿ ಹೇಳುವುದಾದರೆ, ಶೇ 20ರಷ್ಟು ಹೆಚ್ಚು ಹೇರಿದರೆ ರಸ್ತೆಗೆ ಆಗುವ ಪೆಟ್ಟು ಶೇ 20ರಷ್ಟಲ್ಲ, ಸುಮಾರು ಎರಡು ಪಟ್ಟು. ಎರಡು ಟ್ರಿಪ್ಪಿನ ಮಾಲನ್ನು ಒಂದೇ ಟ್ರಿಪ್ಪಿಗೆ ತುರುಕಿದವ ಉಳಿಸಿದ ಡೀಸೆಲ್ ದುಡ್ಡು, ಉಳಿದ ನೂರಾರು ವಾಹನಗಳ ಟೈರು, ಸ್ಪ್ರಿಂಗ್ ಪಟ್ಟಿಯ ಖರ್ಚಾಗಿ ಹೊರಬರುತ್ತದೆ.

2019ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂ. ದಂಡ, ಜತೆಗೆ ಹೆಚ್ಚುವರಿ ಪ್ರತಿ ಟನ್‌ಗೆ 2,000 ರೂ. 'ಇನ್ನು ಹತ್ತು ಚೀಲ ಹಾಕು' ಅಂತ ಒತ್ತಾಯಿಸುವ ಅಂಗಡಿಕಾರರು ಇದನ್ನೂ ನೆನಪಿಡಬೇಕು.

ಖಾಲಿ ಲಾರಿಯ ಲೆಕ್ಕ

ಇಲ್ಲಿನ ಸಾಗಣೆಯ ದೊಡ್ಡ ತೂತು ಇರುವುದು ಮರಳುವ ಟ್ರಿಪ್ಪಿನಲ್ಲಿ. ಮೇಲಿನಿಂದ ತುಂಬಿ ಬಂದ ಲಾರಿಗೆ ಕೆಳಗಿನಿಂದ ಲೋಡ್ ಸಿಗದಿದ್ದರೆ ಖಾಲಿಯಾಗಿ ಘಟ್ಟ ಹತ್ತಬೇಕು. ಆ ಡೀಸೆಲ್ ಖರ್ಚನ್ನು ಲಾರಿ ಮಾಲೀಕ ಕೈಯಿಂದ ಹಾಕುವುದಿಲ್ಲ, ಬರುವಾಗಿನ ಬಾಡಿಗೆಗೇ ಸೇರಿಸುತ್ತಾನೆ. ಅಂಗಡಿಕಾರರು ಅದನ್ನು ಮಾಲಿನ ದರಕ್ಕೆ ಸೇರಿಸುತ್ತಾರೆ. ಕೊನೆಗೆ ಕಟ್ಟುವುದು ಗಿರಾಕಿ.

ಒಂದು ಉದಾಹರಣೆ ನೋಡಿ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಸುಮಾರು 165 ಕಿ.ಮೀ. 10 ಟನ್ ಹೊರುವ ಲಾರಿ ಲೋಡ್ ಇದ್ದಾಗ ಲೀಟರಿಗೆ 5 ಕಿ.ಮೀ., ಖಾಲಿ ಇದ್ದಾಗ 6 ಕಿ.ಮೀ. ಓಡುತ್ತದೆ ಅಂತ ಇಟ್ಟುಕೊಳ್ಳೋಣ. ಬರುವಾಗ 33 ಲೀಟರ್, ಖಾಲಿ ಹೋಗುವಾಗ ಸುಮಾರು 27 ಲೀಟರ್, ಒಟ್ಟು 60. ಅಂದ್ರೆ ಟನ್‌ಗೆ 6 ಲೀಟರ್. ಅದೇ ಲಾರಿಗೆ ವಾಪಸ್ ಹೋಗುವಾಗ 5 ಟನ್ ಸಿಕ್ಕಿದರೆ ಹೆಚ್ಚೆಂದರೆ ಒಟ್ಟು 66 ಲೀಟರ್, ಆದರೆ ಸಾಗಿದ ಮಾಲು 15 ಟನ್. ಟನ್‌ಗೆ 4.4 ಲೀಟರಿಗೆ ಇಳಿಯಿತು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಖರ್ಚು ಇಳಿದಷ್ಟೇ ಹೊಗೆಯೂ ಇಳಿಯುತ್ತದೆ. ಇನ್ನು ಹಟ್ಟಿಕೇರಿ ಟೋಲ್‌ನಲ್ಲಿ ವಾಹನದ ವರ್ಗ ನೋಡುತ್ತಾರೆಯೇ ಹೊರತು ಖಾಲಿಯೋ ತುಂಬಿದೆಯೋ ಅಂತ ನೋಡುವುದಿಲ್ಲ.

ಹಾಗಾದರೆ ಕೆಳಗಿನಿಂದ ಕಳಿಸಲು ಏನಿದೆ? ತೆಂಗಿನಕಾಯಿ, ಗೋಡಂಬಿ, ಒಣಮೀನು, ಗೋಕರ್ಣ ಹತ್ತಿರದ ಸಾಣಿಕಟ್ಟೆಯ ಉಪ್ಪು, ಮೇ ತಿಂಗಳಲ್ಲಿ 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಅಂಕೋಲಾದ ಕರಿ ಈಶಾಡು ಮಾವು. ಜತೆಗೆ ಗುಜರಿ ಕಬ್ಬಿಣ, ರಟ್ಟು, ಖಾಲಿ ಕ್ರೇಟು, ಖಾಲಿ ಬಾಟಲಿ. ಮಾಲು ಇದೆ, ಆದರೆ ಸಣ್ಣಸಣ್ಣ ಗಂಟಾಗಿ ಹತ್ತು ಕಡೆ ಚದುರಿದೆ. ಯಾವ ಲಾರಿ ಯಾವ ದಿನ ಖಾಲಿ ಹೋಗುತ್ತದೆ ಅನ್ನೋದು ಮಾಲು ಇಟ್ಟುಕೊಂಡವನಿಗೆ ಗೊತ್ತಾಗುವುದಿಲ್ಲ. ಲಾರಿ ಮಾಲೀಕರು, ಟ್ರಾನ್ಸ್‌ಪೋರ್ಟ್ ಆಫೀಸಿನವರು ಮತ್ತು ವ್ಯಾಪಾರಿಗಳು ಸೇರಿ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಸಂಜೆ 'ನಾಳೆ ಖಾಲಿ ಹೋಗುವ ವಾಹನ' ಪಟ್ಟಿ ಹಾಕಿದರೂ ಅರ್ಧ ಕೆಲಸ ಆದಂತೆ. ಎಲ್ಲ ವಾಹನಕ್ಕೂ ಇದು ಒಗ್ಗುವುದಿಲ್ಲ. ಬಿಟುಮಿನ್ ಟ್ಯಾಂಕರ್‌ಗೆ ತೆಂಗಿನಕಾಯಿ ಹೇರಲು ಬರುವುದಿಲ್ಲ, ಮೀನಿನ ಗಾಡಿಗೆ ಅಕ್ಕಿ ಹಾಕುವಂತಿಲ್ಲ.

ಐದು ಅಂಗಡಿ, ಒಂದು ಪಿಕಪ್

ಎರಡನೇ ತೂತು ಅರ್ಧ ತುಂಬಿದ ಪಿಕಪ್. ಅಂಕೋಲಾದಿಂದ ಕಾರವಾರಕ್ಕೆ ಐದು ಅಂಗಡಿಯವರು ಬೇರೆಬೇರೆಯಾಗಿ 250–300 ಕೆ.ಜಿ. ಮಾಲು ತರಿಸಿದರೆ ಐದು ಗಾಡಿ, ಹೋಗಿಬರಲು ತಲಾ 70 ಕಿ.ಮೀ. ಲೀಟರಿಗೆ 12 ಕಿ.ಮೀ. ಹಿಡಿದರೆ ಎಲ್ಲ ಸೇರಿ ಸುಮಾರು 30 ಲೀಟರ್. ಅದೇ ಮಾಲು ಒಂದೇ ಪಿಕಪ್‌ನಲ್ಲಿ ಬಂದರೆ ಆರೇಳು ಲೀಟರ್ ಸಾಕು.

ಇದಕ್ಕೆ ಬೇಕಾದದ್ದು ದೊಡ್ಡ ಗೋದಾಮಲ್ಲ. ವಾರಕ್ಕೆ ಎರಡು ಖಾಯಂ ದಿನ, ಮಾಲು ಇಳಿಸಲು ಒಂದು ಒಪ್ಪಿತ ಜಾಗ, ಯಾರ ಪೆಟ್ಟಿಗೆ ಯಾವುದು ಅಂತ ಗುರುತು ಹಾಕಿದ ಚೀಟಿ. ಪೇಟೆ ಬೀದಿಯಲ್ಲಿ ಬೆಳಿಗ್ಗೆ ಗಿರಾಕಿ ಬರುವ ಹೊತ್ತಿಗೇ ಲಾರಿ ನಿಲ್ಲಿಸಿ ಹಮಾಲಿ ಕೆಲಸ ಶುರುವಾದರೆ ಅತ್ತ ಟ್ರಾಫಿಕ್, ಇತ್ತ ವ್ಯಾಪಾರ ಎರಡೂ ಹಾಳು. ಎಂಟು ಗಂಟೆಯೊಳಗೆ ಇಳಿಸಿ ಮುಗಿಸುವ ಒಪ್ಪಂದ ಎಲ್ಲರಿಗೂ ಲಾಭ.

ಸಣ್ಣ ಪಾರ್ಸಲ್ಲಿಗೆ ಗಾಡಿಯೇ ಬೇಡ. ಸಾರಿಗೆ ಸಂಸ್ಥೆಗಳ 'ನಮ್ಮ ಕಾರ್ಗೋ' ಸೇವೆ 2021ರ ಫೆಬ್ರುವರಿಯಲ್ಲಿ ಶುರುವಾಗಿದೆ. ಬಸ್ಸು ಹೇಗೂ ಓಡುತ್ತದೆ, ಅದರ ಹೊಟ್ಟೆಯಲ್ಲಿ ಎರಡು ಪೆಟ್ಟಿಗೆ ಹೋದರೆ ಹೆಚ್ಚುವರಿ ಡೀಸೆಲ್ ಇಲ್ಲದಷ್ಟೇ. ಔಷಧ, ಬಿಡಿಭಾಗ, ಬಟ್ಟೆಯಂಥ ಹಗುರ ಮಾಲಿಗೆ ಇದು ಅನುಕೂಲ. ಬುಕಿಂಗ್ ಸಮಯ, ತೂಕದ ದರವನ್ನು ಬಸ್ ನಿಲ್ದಾಣದಲ್ಲೇ ಕೇಳಿ ತಿಳಿಯಬಹುದು.

ಲಾರಿಯೇ ರೈಲು ಹತ್ತಿದರೆ

ದೂರದ ಸಾಗಣೆಗೆ ರೈಲು ಅಗ್ಗ ಮತ್ತು ಹೊಗೆ ಕಡಿಮೆ. ಕೊಂಕಣ ರೈಲ್ವೆ 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ ಮತ್ತು ಗೋವಾದ ವೆರ್ಣಾ ನಡುವೆ ರೋ-ರೋ ಸೇವೆ ಆರಂಭಿಸಿತು. ತುಂಬಿದ ಲಾರಿಯನ್ನೇ ರೈಲಿನ ಬಯಲು ಬೋಗಿಯ ಮೇಲೆ ಹತ್ತಿಸಿ ಒಯ್ಯುವ ವ್ಯವಸ್ಥೆ ಇದು. ಮುಂದೆ ಅದು ಸುರತ್ಕಲ್ ತನಕ ಬೆಳೆಯಿತು. ಲಾರಿ ಸಾಲು ಹೊತ್ತ ರೈಲು ಕಾರವಾರ, ಅಂಕೋಲಾ ದಾಟಿ ಹೋಗುವುದನ್ನು ಇಲ್ಲಿನವರು ನೋಡಿಯೇ ಇದ್ದಾರೆ. ಆ ಲಾರಿಗಳು ಹೆದ್ದಾರಿ 66ರ ಮೇಲೆ ಇರುವುದಿಲ್ಲ, ಡೀಸೆಲ್ ಉರಿಯುವುದಿಲ್ಲ, ಟೈರು ಸವೆಯುವುದಿಲ್ಲ, ಚಾಲಕರಿಗೆ ನಿದ್ದೆ ಸಿಗುತ್ತದೆ. 2022ರ ಜೂನ್‌ನಲ್ಲಿ ಈ ಮಾರ್ಗದ ಪೂರ್ತಿ ವಿದ್ಯುದೀಕರಣ ಲೋಕಾರ್ಪಣೆಯಾಯಿತು.

ಆದ್ರೆ ಹುಬ್ಬಳ್ಳಿ ಮಾಲಿಗೆ ಇದು ಉತ್ತರ ಅಲ್ಲ. ಅಂಕೋಲಾದಿಂದ ಹುಬ್ಬಳ್ಳಿಗೆ ನೇರ ರೈಲು ಹಳಿ ಇಲ್ಲ. ರೈಲಿನಲ್ಲಿ ಹೋಗಬೇಕಾದರೆ ಮಡಗಾಂವ್, ಕ್ಯಾಸಲ್‌ರಾಕ್, ಲೋಂಡಾ ಸುತ್ತಬೇಕು. ಸುಮಾರು 164 ಕಿ.ಮೀ.ನ ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದಿಂದ ಕಾಗದದಲ್ಲೇ ಇದೆ. ಪಶ್ಚಿಮ ಘಟ್ಟದ ದಟ್ಟ ಕಾಡು, ವನ್ಯಜೀವಿ ಸಂಚಾರದ ದಾರಿ ಮಧ್ಯೆ ಬರುವುದೇ ತಕರಾರಿನ ಮೂಲ. ರೈಲು ಬಂದರೆ ರಸ್ತೆಯ ಲಾರಿ ಕಡಿಮೆ ಅನ್ನುವವರೂ ಇದ್ದಾರೆ, ಕಾಡು ಕಡಿದು ಗುಡ್ಡ ಕೊರೆದರೆ ಇನ್ನೊಂದು ಶಿರೂರು ಆಗಬಹುದು ಅನ್ನುವವರೂ ಇದ್ದಾರೆ. ತೀರ್ಮಾನ ಆಗುವ ತನಕ ಅರಬೈಲ್ ಘಟ್ಟದ ರಸ್ತೆಯನ್ನೇ ಜೋಪಾನ ಮಾಡಬೇಕು.

ಕೇಣಿ ಬಂದರು: ಸರಕು ಇಳಿದ ಮೇಲೆ ಯಾವ ದಾರಿ?

ಅಂಕೋಲಾದ ಕೇಣಿಯಲ್ಲಿ ಹೊಸ ಬಂದರು ಕಟ್ಟಲು 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಅನುಮತಿ ಪತ್ರ ಸಿಕ್ಕಿದೆ. ಅಂದಾಜು ವೆಚ್ಚ 4,119 ಕೋಟಿ ರೂ., ಆರಂಭದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಮೀನುಗಾರರು ಕಸುಬು ಹೋಗುತ್ತದೆ ಅಂತ ಹೋರಾಟಕ್ಕೆ ಇಳಿದಿದ್ದಾರೆ. ಆ ಪ್ರಶ್ನೆಯ ಜತೆಗೇ ಸಾಗಣೆಯ ಲೆಕ್ಕವನ್ನೂ ಕೇಳಬೇಕು.

3 ಕೋಟಿ ಟನ್ನನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 82,000 ಟನ್. ಎಲ್ಲವೂ 25 ಟನ್ ಹೊರುವ ಲಾರಿಯಲ್ಲಿ ಹೋದರೆ ದಿನಕ್ಕೆ ಸುಮಾರು 3,300 ಲೋಡ್, ಹೋಗಿಬರುವ ಓಡಾಟ ಅದರ ಎರಡು ಪಟ್ಟು. ಎಲ್ಲವೂ ರೈಲಿನಲ್ಲಿ ಹೋದರೆ, ಒಂದು ಗೂಡ್ಸ್ ರೈಲಿಗೆ 3,800 ಟನ್ ಅಂತ ಹಿಡಿದು, ಇಪ್ಪತ್ತೊಂದು–ಇಪ್ಪತ್ತೆರಡು ರೈಲು. ನಿಜ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಯೋಜನೆ ಬೇಕು ಅನ್ನುವವರೂ ಬೇಡ ಅನ್ನುವವರೂ ಮೊದಲ ದಿನದಿಂದ ರೈಲಿಗೆ ಎಷ್ಟು ಪಾಲು, ರಸ್ತೆಗೆ ಎಷ್ಟು ಪಾಲು ಅಂತ ಬರಹದಲ್ಲಿ ಕೇಳುವುದು ಒಳ್ಳೆಯದು. ಅದಿರಿನ ದಿನಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಲಾರಿಗಳು ಬಂದಿದ್ದವು.

ಮೀನು, ಮಂಜುಗಡ್ಡೆ ಮತ್ತು ಗೋವಾ ಗಡಿ

ಮೀನು ಮಾತ್ರ ಇಲ್ಲಿಂದ ಹೊರಗೆ ಹೋಗುವ ಅವಸರದ ಸರಕು. 2018ರಲ್ಲಿ ಫಾರ್ಮಾಲಿನ್ ಗಲಾಟೆಯ ನಂತರ ಗೋವಾ ಸರ್ಕಾರ ನೋಂದಣಿ ಮತ್ತು ಶಾಖನಿರೋಧಕ ವಾಹನ ಕಡ್ಡಾಯ ಮಾಡಿದಾಗ ಕಾರವಾರದ ಮೀನು ಗಡಿಯಲ್ಲೇ ನಿಂತಿತ್ತು. ಒಳ್ಳೆ ಪೆಟ್ಟಿಗೆಯ ಗಾಡಿಗೆ ಖರ್ಚು ಹೆಚ್ಚು, ಆದರೆ ಮಂಜುಗಡ್ಡೆ ಕಡಿಮೆ ಕರಗುತ್ತದೆ, ಮೀನು ಕಡಿಮೆ ಕೊಳೆಯುತ್ತದೆ. ಕೊಳೆತು ಎಸೆದ ಮೀನಿಗೆ ಸುಟ್ಟ ಡೀಸೆಲ್ ಪೂರ್ತಿ ದಂಡ. ಒಡೆದು ಸಮುದ್ರ ಸೇರುವ ಥರ್ಮಾಕೋಲ್ ಬದಲು ತೊಳೆದು ಬಳಸುವ ಪ್ಲಾಸ್ಟಿಕ್ ಕ್ರೇಟು ಒಳ್ಳೆಯದು. ಮೀನು ನೀರನ್ನು ರಸ್ತೆಗೆ ಬಿಡದೆ ಗಾಡಿಯಲ್ಲೇ ಹಿಡಿದಿಡುವ ತೊಟ್ಟಿ ಇದ್ದರೆ ಬೈಕಿನವರ ಜೀವವೂ ಉಳಿಯುತ್ತದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಗಾಡಿ ದುರಸ್ತಿಗೆ, ಪೆಟ್ಟಿಗೆ ಬದಲಿಸಲಿಕ್ಕೆ ಅದೇ ಸಮಯ.

ಊರೊಳಗೆ ವಿದ್ಯುತ್ ಗಾಡಿ

ಸರಕಿನ ವಿದ್ಯುತ್ ತ್ರಿಚಕ್ರ ವಾಹನ ಸುಮಾರು ಅರ್ಧ ಟನ್ ಹೊರುತ್ತದೆ, ಒಂದು ಚಾರ್ಜಿಗೆ ಸುಮಾರು 80–100 ಕಿ.ಮೀ. ಓಡುತ್ತದೆ. ಕೋಡಿಬಾಗ, ಬೈತಖೋಲ, ಬಿಣಗಾ, ಸದಾಶಿವಗಡದ ಅಂಗಡಿ ತಿರುಗಲು, ಅಂಕೋಲಾದಿಂದ ಅವರ್ಸಾ, ಬೇಲೇಕೇರಿಗೆ ಹೋಗಿಬರಲು ಇದು ಸಾಕು. ಘಟ್ಟ ಹತ್ತಲು ಇದು ಅಲ್ಲ. 2018ರ ಅಕ್ಟೋಬರ್‌ನ ಕೇಂದ್ರದ ಅಧಿಸೂಚನೆಯಂತೆ ಬ್ಯಾಟರಿ ವಾಹನಕ್ಕೆ ಪರ್ಮಿಟ್ ಬೇಡ. ನೋಂದಣಿ, ವಿಮೆ, ಲೈಸೆನ್ಸ್ ಮಾತ್ರ ಬೇಕೇ ಬೇಕು. ಬಾಡಿಗೆಗೆ ಓಡುವ ಇಂಥ ಗಾಡಿಗೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ.

ಕೊಳ್ಳುವ ಮೊದಲು ಉಪ್ಪುಗಾಳಿಗೆ ವೈರು, ಕನೆಕ್ಟರ್ ತುಕ್ಕು ಹಿಡಿಯುವುದನ್ನೂ, ಮಳೆ ನೀರು ನಿಂತ ರಸ್ತೆಯನ್ನೂ, ಹತ್ತಿರದಲ್ಲಿ ರಿಪೇರಿಯವರು ಇದ್ದಾರೋ ಇಲ್ಲವೋ ಅನ್ನುವುದನ್ನೂ ಯೋಚಿಸಬೇಕು. ಕಾರವಾರ ತಾಲೂಕಿನಲ್ಲೇ ಕೈಗಾದ 880 ಮೆಗಾವಾಟ್ ಅಣುಸ್ಥಾವರ, ಕದ್ರಾದ 150 ಮೆಗಾವಾಟ್ ಜಲವಿದ್ಯುತ್ ಘಟಕ ಇವೆ. ಕರೆಂಟು ಇಲ್ಲಿ ಹುಟ್ಟಿ ಹೊರಗೆ ಹೋಗುತ್ತದೆ, ಡೀಸೆಲ್ ಹೊರಗಿನಿಂದ ಬರುತ್ತದೆ.

ರಸ್ತೆ ಬಂದ್ ಆದಾಗ ಇ-ವೇ ಬಿಲ್ ಏನಾಗುತ್ತದೆ?

50,000 ರೂ. ಮೀರಿದ ಸರಕಿಗೆ ಇ-ವೇ ಬಿಲ್ ಬೇಕು. ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ಗುಡ್ಡ ಕುಸಿದು ಲಾರಿ ಎರಡು ದಿನ ಸಾಲಿನಲ್ಲಿ ನಿಂತರೆ ಅವಧಿ ಮುಗಿದುಹೋಗುತ್ತದೆ, ದಂಡದ ಭಯ ಶುರು. ಅದಕ್ಕೆ ದಾರಿ ಇದೆ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಪೋರ್ಟಲ್‌ನಲ್ಲಿ ವಿಸ್ತರಿಸಬಹುದು. ಕಾರಣಗಳ ಪಟ್ಟಿಯಲ್ಲಿ ನೈಸರ್ಗಿಕ ವಿಕೋಪ, ಅಪಘಾತ, ಮಾಲು ಬೇರೆ ವಾಹನಕ್ಕೆ ವರ್ಗ ಎಂಬವೂ ಇವೆ. ವಾಹನ ಬದಲಾದರೆ 'ಪಾರ್ಟ್ ಬಿ'ಯಲ್ಲಿ ಹೊಸ ನಂಬರ್ ಹಾಕಬೇಕು. ಲಾರಿ ಎಲ್ಲಿದೆ ಅಂತ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡುವಾಗ ಇದನ್ನೂ ನೆನಪಿಸಿ.

ಮುಂದಿನ ಮಳೆಗಾಲದೊಳಗೆ

- ಮೇ ಕೊನೆಯೊಳಗೆ ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ, ಮುಖ್ಯ ಔಷಧಗಳ ಹತ್ತು–ಹದಿನೈದು ದಿನದ ದಾಸ್ತಾನು ಇರಲಿ. ಕೆಡುವ ಮಾಲು ಬೇಡ.
- ಹುಬ್ಬಳ್ಳಿಯ ಜತೆಗೆ ದಕ್ಷಿಣದ ಕಡೆ ಅಥವಾ ಗೋವಾದ ಕಡೆ ಇನ್ನೊಬ್ಬ ಸಗಟು ವ್ಯಾಪಾರಿಯ ಪರಿಚಯ ಇಟ್ಟುಕೊಳ್ಳಿ.
- ಪಕ್ಕದ ಅಂಗಡಿಯವರ ಜತೆ ಕೂಡಿ ತರಿಸುವ ದಿನ ನಿಗದಿ ಮಾಡಿ. ಪೈಪೋಟಿ ಮಾರಾಟದಲ್ಲಿ ಇರಲಿ, ಬಾಡಿಗೆಯಲ್ಲಿ ಬೇಡ.
- ಬಾಡಿಗೆ ಮಾತಾಡುವಾಗ 'ವಾಪಸ್ ಲೋಡ್ ಕೊಟ್ಟರೆ ಎಷ್ಟು ಇಳಿಸ್ತೀರಿ' ಅಂತ ಕೇಳಿ.
- ಮಾಲು ತಡವಾಯಿತು ಅಂತ ಭಾರಿ ಮಳೆಯಲ್ಲಿ ಚಾಲಕರನ್ನು ಓಡಿಸಬೇಡಿ. ಗುಡ್ಡದ ಬುಡದಲ್ಲಿ, ನದಿಯ ಅಂಚಿನಲ್ಲಿ ಗಾಡಿ ನಿಲ್ಲಿಸದಂತೆ ಹೇಳಿ. ಶಿರೂರಿನಲ್ಲಿ ಜೀವ ಕಳೆದುಕೊಂಡವರಲ್ಲಿ ಚಹಾಕ್ಕೆ ಅಂತ ಗಾಡಿ ನಿಲ್ಲಿಸಿದವರೂ ಇದ್ದರು.

ಹೆದ್ದಾರಿ ಬದಿಯಲ್ಲಿ ಸರಕು ವಾಹನ ನಿಲ್ಲಿಸಲು ಗುಡ್ಡದಿಂದ ದೂರದ, ನೀರು–ಶೌಚಾಲಯ ಇರುವ ಜಾಗ ಎರಡೂ ತಾಲೂಕಿಗೆ ಬೇಕು. ಪುರಸಭೆ, ನಗರಸಭೆ, ಜಿಲ್ಲಾಡಳಿತದ ಮುಂದೆ ವ್ಯಾಪಾರಸ್ಥರು ಒಂದೇ ಬೇಡಿಕೆ ಇಡುವುದಾದರೆ ಅದು ಇದೇ ಆಗಲಿ. ಊರಿಗೆ ಅನ್ನ ತರುವ ಲಾರಿಯವನಿಗೆ ರಾತ್ರಿ ನಿಶ್ಚಿಂತೆಯಿಂದ ಮಲಗಲು ಒಂದು ಜಾಗ.